ಹಝ್ರತ್ ಅಸ್ಮಾ(ರ): ಹೊರೆ ಹೊತ್ತವರಿಗೆ ದೊರೆತ ಹೆಗಲು

ನೆರೆಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ನಾವು ಅವರನ್ನು ನೋಡಲು ಹೋಗುತ್ತೇವೆ. ರೋಗಿಯ ಸಂದರ್ಶನವು ಒಬ್ಬ ಮುಸ್ಲಿಮನಿಗೆ ಇನ್ನೊಬ್ಬ ಮುಸ್ಲಿಮನ ಮೇಲಿರುವ ಹಕ್ಕುಗಳಲ್ಲಿ ಒಂದೆಂದು ನಮಗೆ ಕಲಿಸಲಾಗಿದೆ. ಹೋಗಿ ರೋಗಿಯ ತಲೆಯ ಬಳಿ ಕುಳಿತು ಕ್ಷೇಮ ವಿಚಾರಿಸುತ್ತೇವೆ, ದುಆ ಮಾಡುತ್ತೇವೆ, ತಂದ ಹಣ್ಣಿನ ಪೊಟ್ಟಣವನ್ನು ಇಟ್ಟು ಮರಳುತ್ತೇವೆ. ಆದರೆ ನಮಗೆ ಚಹಾ ತಂದುಕೊಟ್ಟ ಆ ಮನೆಯ ಸೊಸೆ ಕಳೆದ ರಾತ್ರಿ ಎಷ್ಟು ತಾಸು ನಿದ್ರಿಸಿದಳು? ಅವಳು ತನ್ನ ತವರಿಗೆ ಹೋಗಿ ಎಷ್ಟು ತಿಂಗಳಾಯಿತು? ಇದನ್ನು ನಾವು ಕೇಳುವುದಿಲ್ಲ. ಕೇಳಬೇಕೆಂದು ನಮಗೆ ತೋಚುವುದೂ ಇಲ್ಲ.

ಹಾಸಿಗೆ ಹಿಡಿದ ಹಿರಿಯರ, ಬುದ್ಧಿ ಬೆಳೆಯದ ಮಕ್ಕಳ, ಪಾರ್ಶ್ವವಾಯು ಬಡಿದವರ ಆರೈಕೆ ದೊಡ್ಡ ಸತ್ಕರ್ಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಸತ್ಕರ್ಮವನ್ನು ಹೊಗಳುತ್ತಲೇ ಅದರ ಭಾರವನ್ನೆಲ್ಲ ಒಂದೇ ಹೆಗಲಿಗೆ ಹೊರಿಸಿ ನಾವು ಹಗುರಾಗಿಬಿಡುತ್ತೇವೆ. ದಣಿದೆನೆಂದು ಅವಳು ಬಾಯಿ ಬಿಟ್ಟರೆ ಸಹನೆ ಸಾಲದೆಂದು ಉಪದೇಶಿಸುತ್ತೇವೆ. ಎರಡು ದಿನ ಬಿಡುವು ಬೇಕೆಂದರೆ ಸೇವೆಯಿಂದ ನುಣುಚಿಕೊಳ್ಳುತ್ತಿದ್ದಾಳೆಂದು ತಿಳಿಯುತ್ತೇವೆ. ಇಸ್ಲಾಮ್ ನಮಗೆ ಕಲಿಸಿದ ರೀತಿ ಇದೆಯೇ? ಇದಕ್ಕೆ ಉತ್ತರವನ್ನು ಪ್ರಥಮ ಖಲೀಫ ಅಬೂಬಕರ್ ಸಿದ್ದೀಕ್(ರ)ರ ಹಿರಿಯ ಮಗಳಾದ ಹಝ್ರತ್ ಅಸ್ಮಾ(ರ)ರ ಬದುಕಿನಲ್ಲಿ ಹುಡುಕೋಣ. ಅವರು ತನ್ನ ಸುದೀರ್ಘ ಆಯುಷ್ಯದಲ್ಲಿ ಇತರರ ಭಾರವನ್ನು ಹೊತ್ತವರು. ಇತರರು ತನ್ನ ಭಾರವನ್ನು ಇಳಿಸಿದಾಗ ಅದನ್ನು ಕೃತಜ್ಞತೆಯಿಂದ ಸ್ವೀಕರಿಸಿದವರು.

ಅಜ್ಜನ ಕೈ ಹಿಡಿದ ಮೊಮ್ಮಗಳು

ಅಸ್ಮಾ(ರ) ಹಿಜ್‌ರತ್‌ಗೆ ಸುಮಾರು 27 ವರ್ಷ ಮೊದಲು ಮಕ್ಕಾದಲ್ಲಿ ಜನಿಸಿದರು. ತಾಯಿ ಕುತೈಲಾ. ಪ್ರವಾದಿ(ಸ)ಯವರ ಪತ್ನಿ ಆಯಿಶಾ(ರ) ಅವರ ಮಲಸಹೋದರಿ. ಸತ್ಯದ ಕರೆಗೆ ಓಗೊಟ್ಟ ಮೊದಮೊದಲಿನವರಲ್ಲಿ ಅಸ್ಮಾ(ರ) ಒಬ್ಬರು. ಅವರಿಗಿಂತ ಮೊದಲು ಇಸ್ಲಾಮ್ ಸ್ವೀಕರಿಸಿದವರು ಹದಿನೇಳು ಮಂದಿಯೆಂದು ಚರಿತ್ರೆಕಾರರು ಎಣಿಸಿದ್ದಾರೆ.

ಕ್ರಿ.ಶ. 622ರಲ್ಲಿ ಪ್ರವಾದಿ(ಸ)ಯವರು ಅಬೂಬಕರ್(ರ)ರೊಂದಿಗೆ ಮಕ್ಕಾ ಬಿಟ್ಟು ಸೌರ್ ಗುಹೆಯಲ್ಲಿ ಮೂರು ರಾತ್ರಿ ತಂಗಿದ್ದು ನಿಮಗೆಲ್ಲ ತಿಳಿದೇ ಇದೆ. ಆ ಪಯಣದ ಬುತ್ತಿಯ ಚೀಲವನ್ನೂ ನೀರಿನ ತೊಗಲನ್ನೂ ಬಿಗಿಯಲು ಹಗ್ಗ ಸಿಗದಿದ್ದಾಗ ಅಸ್ಮಾ(ರ) ತನ್ನ ನಡುಪಟ್ಟಿಯನ್ನೇ ಎರಡಾಗಿ ಹರಿದು ಕಟ್ಟಿದರು. ಎರಡು ನಡುಪಟ್ಟಿಗಳವರು ಎಂಬ ಅರ್ಥದ ಝಾತುನ್ನಿತಾಕೈನ್ ಎಂಬ ಬಿರುದು ಅವರಿಗೆ ಬಂದದ್ದು ಹೀಗೆ. ತಂದೆ ಎಲ್ಲಿದ್ದಾರೆಂದು ಕೇಳುತ್ತ ಬಾಗಿಲಿಗೆ ಬಂದ ಅಬೂಜಹಲ್ ಉತ್ತರ ಸಿಗದಿದ್ದಾಗ ಅವರ ಕೆನ್ನೆಗೆ ಹೊಡೆದನು. ಕಿವಿಯ ಓಲೆ ಕಳಚಿ ಬಿತ್ತು. ಆದರೂ ಅವರು ಗುಟ್ಟು ಬಿಟ್ಟುಕೊಡಲಿಲ್ಲ.

ಇವೆಲ್ಲ ನಮ್ಮ ಮಕ್ಕಳಿಗೂ ಪರಿಚಿತವಾದ ಘಟನೆಗಳು. ಅದೇ ದಿನಗಳಲ್ಲಿ ಅದೇ ಮನೆಯ ಒಳಗೆ ನಡೆದ ಇನ್ನೊಂದು ಘಟನೆಯ ಕಡೆಗೆ ನಿಮ್ಮ ಗಮನ ಸೆಳೆಯಬಯಸುತ್ತೇನೆ. ಅಬೂಬಕರ್(ರ) ಹೊರಡುವಾಗ ಮನೆಯಲ್ಲಿದ್ದ ಐದಾರು ಸಾವಿರ ದಿರ್‌ಹಮ್ ಹಣವನ್ನೆಲ್ಲ ಪಯಣದ ಅಗತ್ಯಕ್ಕಾಗಿ ಕೊಂಡೊಯ್ದಿದ್ದರು. ಮನೆಯಲ್ಲಿ ಉಳಿದವರ ಪೈಕಿ ಅಸ್ಮಾ(ರ) ಗರ್ಭಿಣಿ. ಅವರ ಅಜ್ಜ ಅಬೂ ಕುಹಾಫರಿಗೆ ವಯಸ್ಸಾಗಿತ್ತು, ಕಣ್ಣಿನ ದೃಷ್ಟಿ ಹೋಗಿತ್ತು. ಅವರು ಆಗಿನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಮಗ ಮನೆಯವರನ್ನು ಬಿಟ್ಟು ಹೋದದ್ದಲ್ಲದೆ ಹಣವನ್ನೂ ಬರಿದು ಮಾಡಿ ಹೋದನೆಂದು ವೃದ್ಧರು ಕಳವಳಪಟ್ಟರು. ಅಸ್ಮಾ(ರ) ವಾದಕ್ಕಿಳಿಯಲಿಲ್ಲ. ಒಂದಿಷ್ಟು ಕಲ್ಲುಗಳನ್ನು ಆರಿಸಿ ತಂದು, ತಂದೆ ಹಣವಿಡುತ್ತಿದ್ದ ಗೋಡೆಯ ಗೂಡಿನಲ್ಲಿ ಪೇರಿಸಿ, ಮೇಲೆ ಬಟ್ಟೆ ಹೊದಿಸಿದರು. ಅಜ್ಜನ ಕೈ ಹಿಡಿದು ಅದರ ಮೇಲಿರಿಸಿದರು. ಇಷ್ಟು ಬಿಟ್ಟು ಹೋಗಿದ್ದರೆ ಚಿಂತೆಯಿಲ್ಲವೆಂದು ವೃದ್ಧರು ಸಮಾಧಾನಗೊಂಡರು. ತಂದೆ ತಮಗಾಗಿ ಏನನ್ನೂ ಬಿಟ್ಟುಹೋಗಿರಲಿಲ್ಲವೆಂದೂ, ಆ ಮುದುಕನ ಮನಸ್ಸು ನೆಮ್ಮದಿಯಿಂದಿರಲಿ ಎಂದಷ್ಟೇ ಹಾಗೆ ಮಾಡಿದೆನೆಂದೂ ಮುಂದೆ ಅಸ್ಮಾ(ರ)ರವರೇ ತಿಳಿಸಿದ್ದಾರೆ.

ಮನೆಯಲ್ಲಿ ವೃದ್ಧರನ್ನು ನೋಡಿಕೊಳ್ಳುವವರಿಗೆ ಈ ಪರಿಸ್ಥಿತಿ ಚೆನ್ನಾಗಿ ಗೊತ್ತು. ಊಟ, ಔಷಧಿ ಕೊಟ್ಟರೆ ಆರೈಕೆ ಮುಗಿಯುವುದಿಲ್ಲ. ಹಿರಿಯರ ಆತಂಕವನ್ನೂ ಅವರೇ ಹೊರಬೇಕು. ತನ್ನ ಆತಂಕವನ್ನು ಯಾರಿಗೂ ತೋರಿಸುವಂತಿಲ್ಲ. ಅಂದು ಆ ಮನೆಯಲ್ಲಿ ಭಯಪಡಲು ಅಸ್ಮಾ(ರ)ರಿಗೂ ಕಾರಣಗಳಿದ್ದವು. ಬಾಗಿಲಲ್ಲಿ ಶತ್ರು, ಗೂಡಿನಲ್ಲಿ ಕಲ್ಲು, ಹೊಟ್ಟೆಯಲ್ಲಿ ಮಗು. ಆದರೆ ಅವರು ಮೊದಲು ಮಾಡಿದ್ದು ಅಜ್ಜನಿಗೆ ಧೈರ್ಯ ತುಂಬುವ ಕೆಲಸ.

ಮದೀನಾದ ದುಡಿಮೆ

ಅನಂತರ ಅಸ್ಮಾ(ರ) ಹಿಜ್‌ರತ್ ಮಾಡಿ ಕುಬಾ ತಲುಪಿದರು. ಅಲ್ಲಿ ಅವರಿಗೆ ಅಬ್ದುಲ್ಲಾ ಎಂಬ ಮಗ ಹುಟ್ಟಿದರು. ಮದೀನಾದಲ್ಲಿ ಮುಹಾಜಿರರಿಗೆ ಜನಿಸಿದ ಪ್ರಥಮ ಶಿಶು ಇದು. ಪ್ರವಾದಿ(ಸ)ಯವರು ಖರ್ಜೂರವನ್ನು ಜಗಿದು ಮಗುವಿನ ಬಾಯಿಗೆ ಸವರಿ ಅದಕ್ಕಾಗಿ ಪ್ರಾರ್ಥಿಸಿದರು.

ಪತಿ ಝುಬೈರ್ ಬಿನ್ ಅವ್ವಾಮ್(ರ) ಪ್ರವಾದಿ(ಸ)ಯವರ ಸೋದರತ್ತೆಯ ಮಗ, ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲೊಬ್ಬರು. ಆದರೆ ಅವರ ಬಳಿ ಆಗ ಸಂಪತ್ತೆಂಬುದೇ ಇರಲಿಲ್ಲ. ಹೊಲವಿಲ್ಲ, ಆಳಿಲ್ಲ. ನೀರು ಸೇದಲು ಒಂದು ಒಂಟೆ, ಸವಾರಿಗೆ ಒಂದು ಕುದುರೆ, ಅಷ್ಟೇ. ಮನೆಯ ಕೆಲಸವೆಲ್ಲ ಅಸ್ಮಾ(ರ)ರ ಮೇಲೆ ಬಿತ್ತು. ಕುದುರೆಗೆ ಮೇವು ಹಾಕುವುದು, ನೀರು ತರುವುದು, ಹರಿದ ತೊಗಲ ಬಾನೆಯನ್ನು ಹೊಲಿಯುವುದು, ಹಿಟ್ಟು ನಾದುವುದು, ಇವೆಲ್ಲವೂ ಅವರದೇ. ಮುಂದೆ ಪ್ರವಾದಿ(ಸ)ಯವರು ಬನೂ ನಝೀರ್ ಗೋತ್ರದ ಭೂಮಿಯಿಂದ ಒಂದು ತುಂಡನ್ನು ಝುಬೈರ್(ರ)ರಿಗೆ ನೀಡಿದರು. ಕೆಲಸ ಇನ್ನಷ್ಟು ಹೆಚ್ಚಿತು. ಮದೀನಾದಿಂದ ಸುಮಾರು 3ರಿಂದ 4 ಕಿಲೋಮೀಟರ್ ದೂರದ ಆ ತೋಟದಿಂದ ಖರ್ಜೂರದ ಬೀಜಗಳನ್ನು ಆಯ್ದು ತಲೆಯ ಮೇಲೆ ಹೊತ್ತು ತರಬೇಕಿತ್ತು. ಮನೆಯಲ್ಲಿ ಪ್ರಾಣಿಗಳಿಗೆ ಅದೇ ಮೇವು. ಅಬ್ದುಲ್ಲಾ ಆಗಿನ್ನೂ ಚಿಕ್ಕ ಮಗು.

ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಅಸ್ಮಾ(ರ)ರ ಮಾತಿನಲ್ಲೇ ದಾಖಲಾಗಿರುವ ಈ ಹದೀಸನ್ನು ಸ್ವಲ್ಪ ನಿಂತು ಓದಬೇಕು. ಏಕೆಂದರೆ ಅವರು ತನ್ನ ದುಡಿಮೆಯನ್ನು ಹೇಳಿ ಸುಮ್ಮನಾಗುವುದಿಲ್ಲ. ತನಗೆ ಯಾವುದು ಬರುತ್ತಿತ್ತು, ಯಾವುದು ಬರುತ್ತಿರಲಿಲ್ಲ, ಯಾರು ನೆರವಾದರು ಎಂಬುದನ್ನೂ ಬಿಡಿಸಿ ಹೇಳುತ್ತಾರೆ.

ಮೊದಲ ನೆರವು ನೆರೆಮನೆಯಿಂದ ಬಂತು. ಅಸ್ಮಾ(ರ)ರಿಗೆ ಹಿಟ್ಟು ನಾದುವುದು ಗೊತ್ತಿತ್ತು. ರೊಟ್ಟಿಯನ್ನು ಚೆನ್ನಾಗಿ ಸುಡಲು ಬರುತ್ತಿರಲಿಲ್ಲ. ನೆರೆಯ ಅನ್ಸಾರ್ ಸ್ತ್ರೀಯರು ಅವರಿಗಾಗಿ ರೊಟ್ಟಿ ಸುಟ್ಟು ಕೊಡುತ್ತಿದ್ದರು. ಅವರು ಪ್ರಾಮಾಣಿಕ ಸ್ತ್ರೀಯರಾಗಿದ್ದರೆಂದು ಅಸ್ಮಾ(ರ) ನೆನೆಯುತ್ತಾರೆ. ಅನ್ಸಾರರು ಮುಹಾಜಿರರಿಗೆ ಮನೆ, ತೋಟಗಳಲ್ಲಿ ಪಾಲು ಕೊಟ್ಟ ಕತೆಯನ್ನು ನಾವು ವೇದಿಕೆಗಳಲ್ಲಿ ಹೇಳುತ್ತೇವೆ. ರೊಟ್ಟಿ ಸುಟ್ಟುಕೊಟ್ಟ ಈ ಹೆಂಗಸರ ಹೆಸರು ಯಾರಿಗೂ ತಿಳಿಯದು. ಆದರೆ ಅವರ ಆ ಉಪಕಾರ ಹದೀಸ್ ಗ್ರಂಥದಲ್ಲಿ ಉಳಿಯಿತು.

ಎರಡನೆಯ ನೆರವು ದಾರಿಯಲ್ಲಿ ಎದುರಾಯಿತು. ಒಂದು ದಿನ ಅಸ್ಮಾ(ರ) ಬೀಜದ ಹೊರೆ ಹೊತ್ತು ಬರುತ್ತಿದ್ದಾಗ ಪ್ರವಾದಿ(ಸ)ಯವರು ಕೆಲವು ಅನ್ಸಾರರೊಂದಿಗೆ ಅದೇ ದಾರಿಯಲ್ಲಿ ಬಂದರು. ಅವರನ್ನು ಕರೆದು, ಒಂಟೆಯನ್ನು ಮಂಡಿಯೂರಿಸಿ, ತನ್ನ ಹಿಂದೆ ಹತ್ತಿಸಿಕೊಳ್ಳಲು ಮುಂದಾದರು. ಗಂಡಸರ ಜೊತೆ ಸಾಗಲು ಅಸ್ಮಾ(ರ)ರಿಗೆ ನಾಚಿಕೆಯಾಯಿತು. ಝುಬೈರ್(ರ)ರ ಸ್ವಾಭಿಮಾನದ ಸ್ವಭಾವವೂ ನೆನಪಾಯಿತು. ಅವರ ಸಂಕೋಚವನ್ನು ಅರಿತ ಪ್ರವಾದಿ(ಸ)ಯವರು ಒತ್ತಾಯಿಸದೆ ಮುಂದೆ ಸಾಗಿದರು. ಸಹಾಯ ನೀಡುವ ರೀತಿಯನ್ನು ನಾವು ಇಲ್ಲಿಂದ ಕಲಿಯಬೇಕು. ಹೊರೆ ಹೊತ್ತವಳನ್ನು ಕಂಡೊಡನೆ ಅವರು ವಾಹನ ನಿಲ್ಲಿಸಿದರು. ಅವಳು ಬೇಡವೆಂಬ ಮುಖ ಮಾಡಿದಾಗ ಅವಳ ಗೌರವವನ್ನು ಕಾಪಾಡಿದರು.

ಮನೆಗೆ ಬಂದು ಅಸ್ಮಾ(ರ) ನಡೆದುದನ್ನು ಪತಿಗೆ ತಿಳಿಸಿದರು. ಅವರು ಪ್ರವಾದಿ(ಸ)ಯವರ ಜೊತೆ ಸವಾರಿ ಮಾಡುವುದಕ್ಕಿಂತ ಬೀಜದ ಹೊರೆ ಹೊರುವುದೇ ತನಗೆ ಹೆಚ್ಚು ನೋವುಂಟು ಮಾಡುತ್ತದೆಂದು ಝುಬೈರ್(ರ) ಹೇಳಿದರು. ಪತ್ನಿಯ ಭಾರ ಅವರಿಗೆ ಕಾಣದೇ ಇರಲಿಲ್ಲ. ಆದರೆ ಯುದ್ಧ, ಸಂರಕ್ಷಣೆ, ಸಂಪಾದನೆಗಳ ನಡುವೆ ಅದನ್ನು ಇಳಿಸಲು ಅವರಿಂದಾಗಿರಲಿಲ್ಲ. ನಮ್ಮ ಅನೇಕ ಮನೆಗಳ ಗಂಡಸರ ಸ್ಥಿತಿಯೂ ಇದೇ. ಮನಸ್ಸಿನಲ್ಲಿ ನೋವಿದೆ, ಕೈಯಲ್ಲಿ ಸಮಯವಿಲ್ಲ. ಅಂಥಲ್ಲಿ ಹೊರಗಿನ ಯಾರಾದರೂ ಮುಂದೆ ಬರಬೇಕು.

ಒಬ್ಬ ಆಳಿನಿಂದ ಸಿಕ್ಕ ಬಿಡುಗಡೆ

ಮುಂದೆ ಬಂದವರು ತಂದೆ. ಎಲ್ಲ ಕೆಲಸಗಳಲ್ಲಿ ಕುದುರೆಯ ಪಾಲನೆ ಅಸ್ಮಾ(ರ)ರಿಗೆ ಅತ್ಯಂತ ಕಠಿಣವಾಗಿತ್ತು. ಹುಲ್ಲು ತರಬೇಕು, ತಿನ್ನಿಸಬೇಕು, ಹಗಲಿರುಳು ಅದರ ಮೇಲೆ ಕಣ್ಣಿಡಬೇಕು. ಅಬೂಬಕರ್(ರ) ಒಬ್ಬ ಆಳನ್ನು ಕಳುಹಿಸಿಕೊಟ್ಟರು. ಆತ ಕುದುರೆಯ ಕೆಲಸವನ್ನು ವಹಿಸಿಕೊಂಡನು. ಆಗ ತನಗೆ ಹೇಗೆನಿಸಿತೆಂಬುದನ್ನೂ ಅಸ್ಮಾ(ರ) ತಿಳಿಸಿದ್ದಾರೆ. ತಂದೆ ತನ್ನನ್ನು ಗುಲಾಮಗಿರಿಯಿಂದ ಬಿಡಿಸಿದಂತಾಯಿತಂತೆ.

ಈ ಮಾತಿನ ತೂಕವನ್ನು ಗಮನಿಸಿ. ಇದನ್ನು ಹೇಳಿದ್ದು ಕೆಲಸಗಳ್ಳ ಹೆಣ್ಣಲ್ಲ. ಅಬೂಜಹಲನ ಏಟಿಗೆ ಬೆದರದ, ಗರ್ಭಿಣಿಯಾಗಿ ಮರುಭೂಮಿ ದಾಟಿದ ಮಹಿಳೆ. ಹೇಳಿದ್ದು ಯಾರಿಗೆ? ಸ್ವಂತ ಮಗ ಉರ್ವಾರಿಗೆ. ಉರ್ವಾ ಜನಿಸಿದ್ದೇ ಈ ಘಟನೆಯ ಎಷ್ಟೋ ವರ್ಷಗಳ ಬಳಿಕ. ಅಂದರೆ ದಶಕಗಳು ಕಳೆದ ಮೇಲೂ ಆ ದಣಿವು, ಅದು ಇಳಿದ ದಿನದ ಹಗುರ ಎರಡೂ ಅವರಿಗೆ ಮರೆತುಹೋಗಿರಲಿಲ್ಲ. ಮುಂದೆ ಉರ್ವಾ ಮದೀನಾದ ಏಳು ಪ್ರಸಿದ್ಧ ಧರ್ಮಶಾಸ್ತ್ರಜ್ಞರಲ್ಲೊಬ್ಬರಾದರು. ತಾಯಿಯ ಈ ಮಾತನ್ನು ತನ್ನ ಮಗ ಹಿಶಾಮರಿಗೆ ಕಲಿಸಿದರು. ಹದೀಸ್ ವಿದ್ವಾಂಸರು ಅದನ್ನು ಬರೆದಿಟ್ಟರು. ಆಕೆಯ ಮಾತಿನಲ್ಲಿ ಸಹನೆಗೇಡು ಇತ್ತೆಂದು ಅವರಲ್ಲಿ ಯಾರಿಗೂ ಅನಿಸಲಿಲ್ಲ. ದಣಿವನ್ನು ದಣಿವೆಂದು ಹೇಳುವುದು ಅಲ್ಲಾಹನ ವಿಧಿಯ ವಿರುದ್ಧದ ದೂರು ಆಗುವುದಿಲ್ಲ.

ಇನ್ನೊಂದು ಸಂಗತಿಯೂ ಇದೆ. ಅಬೂಬಕರ್(ರ) ಮಗಳ ಎಲ್ಲ ಕೆಲಸವನ್ನೂ ತೆಗೆದುಹಾಕಲಿಲ್ಲ. ಮನೆ, ಮಗು, ಅಡುಗೆ ಎಲ್ಲವೂ ಹಾಗೇ ಉಳಿದವು. ಅತಿ ಭಾರವಾದ ಒಂದು ಕೆಲಸ ಮಾತ್ರ ಬೇರೆಯವರ ಕೈಗೆ ಹೋಯಿತು. ಉಳಿದುದನ್ನು ಆಕೆ ಹೊರಬಲ್ಲವರಾದರು. ಆರೈಕೆ ಮಾಡುವವರಿಗೆ ಬೇಕಾದುದು ಹೆಚ್ಚಾಗಿ ಇಷ್ಟೇ. ಅವರು ತಮ್ಮ ತಾಯಿಯನ್ನೋ ಅತ್ತೆಯನ್ನೋ ಇನ್ನೊಬ್ಬರಿಗೆ ಒಪ್ಪಿಸಿ ಹೋಗಬಯಸುವುದಿಲ್ಲ. ಒಂದು ರಾತ್ರಿಯ ನಿದ್ರೆ, ವಾರದಲ್ಲೊಂದು ಮಧ್ಯಾಹ್ನ, ವರ್ಷದಲ್ಲಿ ಹತ್ತು ದಿನ ಸಿಕ್ಕರೆ ಮತ್ತೆ ಅದೇ ಸೇವೆಗೆ ನಗುಮುಖದಿಂದ ಮರಳುತ್ತಾರೆ.

ಆರೈಕೆಗೆ ಸಿಕ್ಕ ಮನ್ನಣೆ

ಆ ಸಮಾಜ ಆರೈಕೆಯನ್ನು ಮನೆಯ ಮೂಲೆಯ ಕೆಲಸವೆಂದು ಕಡೆಗಣಿಸಲಿಲ್ಲ. ಕ್ರಿ.ಶ. 624ರಲ್ಲಿ ಬದ್ರ್‌ಗೆ ಹೊರಟಾಗ ಪ್ರವಾದಿ(ಸ)ಯವರ ಪುತ್ರಿ ರುಕಯ್ಯಾ(ರ) ಕಾಯಿಲೆ ಮಲಗಿದ್ದರು. ಪತಿ ಉಸ್ಮಾನ್(ರ) ಆಕೆಯ ಬಳಿ ಉಳಿಯಬೇಕೆಂದು ಪ್ರವಾದಿ(ಸ)ಯವರು ಆದೇಶಿಸಿದರು. ಬದ್ರ್‌ನಲ್ಲಿ ಹೋರಾಡಿದವರಿಗೆ ಸಿಗುವ ಪ್ರತಿಫಲವನ್ನೂ ಸಮರಾರ್ಜಿತ ಸೊತ್ತಿನ ಪಾಲನ್ನೂ ಅವರಿಗೆ ಖಾತ್ರಿಪಡಿಸಿದರು. ಇಸ್ಲಾಮಿನ ಅತ್ಯಂತ ನಿರ್ಣಾಯಕ ಯುದ್ಧದ ದಿನ, ರೋಗಿ ಪತ್ನಿಯ ಹಾಸಿಗೆಯ ಬಳಿ ಕುಳಿತ ಪುರುಷ ರಣರಂಗದಲ್ಲಿದ್ದವರ ಸಾಲಿಗೆ ಸೇರಿದರು. ಶುಶ್ರೂಷೆ ಹೆಂಗಸರ ಕೆಲಸವೆನ್ನುವವರು ಇದನ್ನು ನೆನಪಿಡಲಿ.

ಸಹಾಬಿಗಳಾದ ಸಈದ್ ಬಿನ್ ಝೈದ್(ರ) ಶುಕ್ರವಾರದಂದು ಅಸ್ವಸ್ಥರಾದ ಸುದ್ದಿ ತಲುಪಿದಾಗ ಇಬ್ನು ಉಮರ್(ರ) ಜುಮುಅದ ಹೊತ್ತು ಸಮೀಪಿಸಿದ್ದರೂ ವಾಹನವೇರಿ ಅವರ ಬಳಿಗೆ ಹೋದರು. ಅಂದಿನ ಜುಮುಅವನ್ನು ಬಿಟ್ಟರು. ನೋಡಿಕೊಳ್ಳಲು ಬೇರಾರೂ ಇಲ್ಲದ ರೋಗಿಯ ಬಳಿ ಇರುವವರಿಗೆ ಜುಮುಅ, ಜಮಾಅತ್‌ಗಳಲ್ಲಿ ರಿಯಾಯಿತಿ ಇದೆಯೆಂದು ಕರ್ಮಶಾಸ್ತ್ರ ವಿದ್ವಾಂಸರು ಬರೆದಿದ್ದಾರೆ. ಅಲ್ಲಾಹನ ಹಕ್ಕಿನಲ್ಲೇ ಅವರಿಗೆ ರಿಯಾಯಿತಿ ಇರುವಾಗ, ಮದುವೆಗೆ ಬರಲಿಲ್ಲ, ಮನೆ ಪ್ರವೇಶಕ್ಕೆ ಬರಲಿಲ್ಲವೆಂದು ನಾವು ಅವರ ಮೇಲೆ ಮುನಿಸಿಕೊಳ್ಳುವುದು ಯಾವ ನ್ಯಾಯ?

ತಾಯಿ ಮತ್ತು ಅಜ್ಜ

ಹುದೈಬಿಯಾ ಒಪ್ಪಂದದ ಬಳಿಕ, ಕುರೈಶರೊಂದಿಗೆ ಕದನವಿರಾಮವಿದ್ದಾಗ, ಅಸ್ಮಾ(ರ)ರ ತಾಯಿ ಕುತೈಲಾ ಮಗಳನ್ನು ಕಾಣಲು ಮದೀನಾಕ್ಕೆ ಬಂದರು. ಅಬೂಬಕರ್(ರ) ಅವರನ್ನು ಅಜ್ಞಾನಕಾಲದಲ್ಲೇ ವಿಚ್ಛೇದಿಸಿದ್ದರು. ಅವರು ಆಗಲೂ ಬಹುದೇವಾರಾಧಕಿ. ಸ್ವಾಗತಿಸಲು ಮಗಳು ಹಿಂಜರಿದರು. ತಾಯಿಯೊಂದಿಗೆ ಸಂಬಂಧ ಬೆಸೆದು ಒಳ್ಳೆಯ ರೀತಿಯಲ್ಲಿ ವರ್ತಿಸಬೇಕೆಂದು ಪ್ರವಾದಿ(ಸ)ಯವರು ಅಪ್ಪಣೆ ಕೊಟ್ಟರು. ಸೂರಃ ಅಲ್ ಮುಮ್ತಹಿನದ 8ನೇ ಸೂಕ್ತವನ್ನು ಈ ಪ್ರಸಂಗದೊಂದಿಗೆ ಜೋಡಿಸಿದ ವ್ಯಾಖ್ಯಾನಕಾರರಿದ್ದಾರೆ. ವಿಶ್ವಾಸದ ಭಿನ್ನತೆ ಹೆತ್ತವರ ಸೇವೆಗೆ ಅಡ್ಡಿಯಾಗದು.

ಕ್ರಿ.ಶ. 630ರಲ್ಲಿ ಮಕ್ಕಾ ವಿಜಯವಾಯಿತು. ಆ ದಿನ ಅಜ್ಜ ಅಬೂ ಕುಹಾಫರ ಮನೆಯಲ್ಲಿ ನಡೆದುದನ್ನು ನಮಗೆ ತಲುಪಿಸಿದವರೂ ಅಸ್ಮಾ(ರ). ಸೈನ್ಯ ಬಂದ ಸುದ್ದಿ ಕೇಳಿ ಅಜ್ಜ ತನ್ನ ಕಿರಿಯ ಮಗಳ ಕೈ ಹಿಡಿದು ಅಬೂ ಕುಬೈಸ್ ಬೆಟ್ಟ ಏರಿದರು. ಅವಳು ಕಂಡದ್ದನ್ನೆಲ್ಲ ಅವರಿಗೆ ವಿವರಿಸುತ್ತಿದ್ದಳು. ಕುದುರೆಗಳು ಚಲಿಸಿದವೆಂದು ತಿಳಿದಾಗ ಮನೆಗೆ ಕರೆದೊಯ್ಯಲು ಹೇಳಿದರು. ಆದರೆ ದಾರಿಯಲ್ಲೇ ಸವಾರರು ಎದುರಾದರು. ಒಬ್ಬನು ಆ ಹುಡುಗಿಯ ಕೊರಳಿನ ಬೆಳ್ಳಿಯ ಸರವನ್ನು ಕಿತ್ತುಕೊಂಡನು. ಅಬೂಬಕರ್(ರ) ತಂಗಿಯ ಸರಕ್ಕಾಗಿ ಎಲ್ಲರನ್ನೂ ಕೇಳಿಕೊಂಡರೂ ಯಾರೂ ಹಿಂದಿರುಗಿಸಲಿಲ್ಲ. ಅಸ್ಮಾ(ರ) ಮಕ್ಕಾ ಬಿಟ್ಟ ಬಳಿಕ ಆ ವೃದ್ಧರಿಗೆ ಕಣ್ಣಾಗಿದ್ದವಳು ಈ ಹುಡುಗಿ. ಕುರುಡು ತಂದೆಯ ಕೈಯನ್ನು ಅಂಥ ದಿನವೂ ಬಿಡದ ಅವಳ ಕೈ, ತನ್ನ ಸರವನ್ನು ಕಾಪಾಡಿಕೊಳ್ಳಲಾಗಲಿಲ್ಲ. ಆ ನಷ್ಟವನ್ನು ಅಸ್ಮಾ(ರ) ಮರೆಯದೆ ಹೇಳಿದ್ದಾರೆ. ಮೊದಲು ಅದೇ ಅಜ್ಜನ ಕೈ ಹಿಡಿದಿದ್ದವರಲ್ಲವೇ ಅವರು!

ಅನಂತರ ಅಬೂಬಕರ್(ರ) ತಂದೆಯ ಕೈ ಹಿಡಿದು ಪ್ರವಾದಿ(ಸ)ಯವರ ಸನ್ನಿಧಿಗೆ ಕರೆತಂದರು. ವೃದ್ಧರನ್ನು ಮನೆಯಲ್ಲೇ ಇರಗೊಟ್ಟಿದ್ದರೆ ತಾನೇ ಅಲ್ಲಿಗೆ ಬರುತ್ತಿದ್ದೆನೆಂದು ಪ್ರವಾದಿ(ಸ)ಯವರು ಹೇಳಿದರು. ಅಂದು ಮಕ್ಕಾವನ್ನು ಜಯಿಸಿದ ನಾಯಕರ ಮಾತಿದು. ನಡೆಯಲಾರದವರನ್ನು ನಡೆಸಬೇಡಿ, ನೀವೇ ಅವರ ಬಳಿಗೆ ಹೋಗಿ ಎಂಬ ಪಾಠ ಅದರಲ್ಲಿದೆ. ಅಬೂ ಕುಹಾಫ(ರ) ಅಂದು ಇಸ್ಲಾಮ್ ಸ್ವೀಕರಿಸಿದರು.

ತನ್ನ ಶರೀರದ ಹಕ್ಕು

ಪ್ರವಾದಿ(ಸ)ಯವರ ಕಾಲದಲ್ಲಿ ಸೂರ್ಯಗ್ರಹಣವಾದಾಗ ನಡೆದ ನಮಾಝ್ ಬಹಳ ದೀರ್ಘವಾಗಿತ್ತು. ಹಿಂದಿನ ಸಾಲಿನಲ್ಲಿ ನಿಂತಿದ್ದ ಅಸ್ಮಾ(ರ)ರಿಗೆ ತಲೆ ಸುತ್ತಿ ಬವಳಿ ಬಂದಂತಾಯಿತು. ಅವರು ಪಕ್ಕದಲ್ಲಿದ್ದ ನೀರನ್ನು ತಲೆಯ ಮೇಲೆ ಸುರಿದುಕೊಂಡು ನಮಾಝ್ ಮುಂದುವರಿಸಿದರು. ಬೀಳುವವರೆಗೆ ನಿಲ್ಲುವುದೇ ಭಕ್ತಿಯೆಂದು ಅವರು ಭಾವಿಸಲಿಲ್ಲ. ಶರೀರಕ್ಕೆ ಬೇಕಾದುದನ್ನು ಕೊಟ್ಟು ಆರಾಧನೆಯನ್ನು ಪೂರ್ತಿಗೊಳಿಸಿದರು.

ಹಜ್ಜ್ ವೇಳೆ ಮುಝ್ದಲಿಫಾದಲ್ಲಿ ರಾತ್ರಿ ನಮಾಝ್ ಮಾಡುತ್ತ ಮಧ್ಯೆ ಮಧ್ಯೆ ಜೊತೆಗಿದ್ದ ಸೇವಕ ಅಬ್ದುಲ್ಲಾರನ್ನು ಮಗನೇ ಎಂದು ಕರೆದು ಚಂದ್ರ ಮುಳುಗಿದನೇ ಎಂದು ವಿಚಾರಿಸುತ್ತಿದ್ದರು. ಮುಳುಗಿದನೆಂದು ತಿಳಿದಾಗ ಜನದಟ್ಟಣೆಗೆ ಮೊದಲೇ ಹೊರಟು, ಮಿನಾದಲ್ಲಿ ಕಲ್ಲೆಸೆದು, ತನ್ನ ಬಿಡಾರದಲ್ಲಿ ಸುಬ್‌ಹ್ ನಮಾಝ್ ಮಾಡಿದರು. ತುಂಬಾ ಬೇಗ ಹೊರಟೆವೇನೋ ಎಂದು ಆತ ಸಂಶಯಪಟ್ಟಾಗ, ಪ್ರವಾದಿ(ಸ)ಯವರು ಸ್ತ್ರೀಯರಿಗೆ ಅನುಮತಿ ನೀಡಿದ್ದಾರೆಂದು ತಿಳಿಸಿದರು. ಧರ್ಮ ಕೊಟ್ಟ ರಿಯಾಯಿತಿಯನ್ನು ಅವರು ಮುಜುಗರವಿಲ್ಲದೆ ಬಳಸಿಕೊಂಡರು.

ಹೀಗೆ ತನ್ನ ಶರೀರದ ಮಿತಿಯನ್ನು ಅರಿತವರೇ ಇತರರ ಶುಶ್ರೂಷೆಗೂ ನಿಂತರು. ಜ್ವರ ಬಂದ ಹೆಂಗಸರನ್ನು ಅವರ ಬಳಿಗೆ ಕರೆತರುತ್ತಿದ್ದರು. ಅವರು ದುಆ ಮಾಡಿ, ರೋಗಿಯ ಅಂಗಿಯ ಕೊರಳಿನೊಳಗೆ ತಣ್ಣೀರು ಸುರಿಯುತ್ತಿದ್ದರು. ಜ್ವರವನ್ನು ನೀರಿನಿಂದ ತಣಿಸಲು ಪ್ರವಾದಿ(ಸ)ಯವರು ಆಜ್ಞಾಪಿಸಿದ್ದನ್ನು ನೆನಪಿಸುತ್ತಿದ್ದರು. ಇದನ್ನು ವರದಿ ಮಾಡಿದವರು ಅವರ ಮೊಮ್ಮಗಳು ಫಾತಿಮಾ ಬಿಂತ್ ಮುಂದಿರ್. ಅವರ ದಾನಶೀಲತೆಯೂ ಪ್ರಸಿದ್ಧ. ಆಯಿಶಾ(ರ) ಸ್ವಲ್ಪ ಸ್ವಲ್ಪವಾಗಿ ಕೂಡಿಟ್ಟು ಹಂಚುತ್ತಿದ್ದರೆ ಅಸ್ಮಾ(ರ) ನಾಳೆಗೆಂದು ಏನನ್ನೂ ಉಳಿಸುತ್ತಿರಲಿಲ್ಲವೆಂದು ಮಗ ಅಬ್ದುಲ್ಲಾ(ರ) ಹೇಳುತ್ತಿದ್ದರು.

ಕೊನೆಯ ದಿನಗಳು

ಝುಬೈರ್(ರ)ರಿಂದ ವಿಚ್ಛೇದನವಾದ ಬಳಿಕ ಅಸ್ಮಾ(ರ) ಮಗ ಅಬ್ದುಲ್ಲಾ(ರ)ರ ಜೊತೆ ಉಳಿದರು. ಆಯುಷ್ಯ ನೂರರ ಹತ್ತಿರ ಬಂದಿತ್ತು. ಹಲ್ಲು ಉದುರಿರಲಿಲ್ಲ, ಬುದ್ಧಿ ಮಸುಕಾಗಿರಲಿಲ್ಲ. ಆದರೆ ಅಜ್ಜನಂತೆ ಅವರ ದೃಷ್ಟಿಯೂ ಹೋಯಿತು. ಕ್ರಿ.ಶ. 692ರಲ್ಲಿ ಉಮವೀ ಖಲೀಫ ಅಬ್ದುಲ್ ಮಲಿಕ್‌ನ ಸೇನಾಪತಿ ಹಜ್ಜಾಜ್ ಮಕ್ಕಾಕ್ಕೆ ಮುತ್ತಿಗೆ ಹಾಕಿದನು. ಸಂಗಡಿಗರು ಒಬ್ಬೊಬ್ಬರಾಗಿ ತೊರೆದಾಗ ಅಬ್ದುಲ್ಲಾ(ರ) ತಾಯಿಯ ಬಳಿಗೆ ಬಂದು ಸಲಹೆ ಕೇಳಿದರು. ನೀನು ಸತ್ಯದ ಮೇಲಿರುವುದು ನಿನಗೆ ಖಚಿತವಿದ್ದರೆ ಅದರಲ್ಲೇ ಸ್ಥಿರವಾಗಿರು ಎಂದು ಆಕೆ ಹೇಳಿದರು. ಬೀಳ್ಕೊಡುವಾಗ ಮಗನನ್ನು ಅಪ್ಪಿಕೊಂಡ ಕೈಗೆ ಉಕ್ಕಿನ ಕವಚ ತಾಗಿತು. ಹುತಾತ್ಮನಾಗಬಯಸುವವನಿಗೆ ಇದೇಕೆಂದು ಕೇಳಿ ಅದನ್ನು ತೆಗೆಸಿದರು. ಅಬ್ದುಲ್ಲಾ(ರ) ಹೋರಾಡಿ ಹುತಾತ್ಮರಾದರು. ಹಜ್ಜಾಜನು ಅವರ ದೇಹವನ್ನು ನೇತುಹಾಕಿದನು. ಕರೆ ಕಳುಹಿಸಿದಾಗ ಅಸ್ಮಾ(ರ) ಅವನ ಬಳಿಗೆ ಹೋಗಲಿಲ್ಲ. ಅವನೇ ಬಂದಾಗ ಅವನ ಮುಖಕ್ಕೇ ಸತ್ಯವನ್ನು ನುಡಿದರು. ಮಗನ ಬಳಿಕ ಹೆಚ್ಚು ಕಾಲ ಬದುಕದೆ ಅದೇ ವರ್ಷ ಇಹಲೋಕ ತ್ಯಜಿಸಿದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಅದೇ ಅಬ್ದುಲ್ ಮಲಿಕ್‌ನ ಮಗ ವಲೀದ್ ಕ್ರಿ.ಶ. 705ರಿಂದ 715ರವರೆಗೆ ಆಳಿದನು. ಅವನು ನಡೆಯಲಾರದ ಪ್ರತಿಯೊಬ್ಬರಿಗೆ ಒಬ್ಬ ಸೇವಕನನ್ನೂ ಕುರುಡರಾದ ಪ್ರತಿಯೊಬ್ಬರಿಗೆ ಒಬ್ಬ ಮಾರ್ಗದರ್ಶಕನನ್ನೂ ನೇಮಿಸಿದನೆಂದು ಇತಿಹಾಸಕಾರ ತಬರಿ ದಾಖಲಿಸಿದ್ದಾರೆ. ಅಬೂಬಕರ್(ರ) ಒಬ್ಬ ಮಗಳಿಗೆ ಮಾಡಿದ ಉಪಕಾರ ಎಂಟು ದಶಕಗಳೊಳಗೆ ರಾಜ್ಯದ ಹೊಣೆಯಾಯಿತು.

ನಾವು ಮಾಡಬೇಕಾದುದು

ಪ್ರಿಯ ಸಹೋದರ ಸಹೋದರಿಯರೇ, ಹಾಸಿಗೆ ಹಿಡಿದವರನ್ನು ಹುಣ್ಣಾಗದಂತೆ ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕೆಂದು ವೈದ್ಯರು ಹೇಳುತ್ತಾರೆ. ರಾತ್ರಿಯೂ ಹೀಗೆ ಮಾಡುವವರಿಗೆ ನಿದ್ರೆ ಎಲ್ಲಿಂದ ಬರಬೇಕು? ಬೆನ್ನು ನೋವು, ಸಿಡುಕು, ಖಿನ್ನತೆಗಳು ಅವರನ್ನು ಮುತ್ತುತ್ತವೆ. ಕೊನೆಗೆ ಒಂದೇ ಮನೆಯಲ್ಲಿ ಇಬ್ಬರು ರೋಗಿಗಳಾಗುತ್ತಾರೆ. ಆರೈಕೆ ಮಾಡುವವರು ಕುಸಿದರೆ ನಷ್ಟ ಹಾಸಿಗೆಯಲ್ಲಿರುವವರಿಗೂ ಇದೆ. ಆದುದರಿಂದ ಅವರಿಗೆ ಬಿಡುವು ಕೊಡುವುದು ರೋಗಿಯ ಸೇವೆಯೇ ಆಗಿದೆ.

ನೀವು ನೆರೆಯವರಾಗಿದ್ದರೆ ಅನ್ಸಾರ್ ಸ್ತ್ರೀಯರಂತೆ ಒಂದು ಕೆಲಸವನ್ನು ವಹಿಸಿಕೊಳ್ಳಿ. ಏನಾದರೂ ಬೇಕಿದ್ದರೆ ಹೇಳಿ ಎಂದರೆ ಯಾರೂ ಹೇಳುವುದಿಲ್ಲ. ಮಂಗಳವಾರದ ಊಟ ನಮ್ಮ ಮನೆಯಿಂದ ಬರುತ್ತದೆ, ಗುರುವಾರ ಅಸರ್‌ನಿಂದ ಮಗ್ರಿಬ್‌ವರೆಗೆ ಅಜ್ಜಿಯ ಬಳಿ ನಾನು ಕೂರುತ್ತೇನೆ ಎಂದು ನೀವೇ ಹೇಳಿ. ನೀವು ಹೆಣ್ಣಿನ ತಂದೆಯೋ ಸಹೋದರನೋ ಆಗಿದ್ದರೆ ಅಬೂಬಕರ್(ರ)ರಂತೆ ಅವಳ ಅತಿ ಭಾರದ ಕೆಲಸ ಯಾವುದೆಂದು ವಿಚಾರಿಸಿ, ಅದಕ್ಕೊಬ್ಬರನ್ನು ಏರ್ಪಡಿಸಿ. ನೀವು ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವ ಮಗನಾಗಿದ್ದರೆ ಹಣದ ಜೊತೆಗೆ ಕೆಲವು ತಿಂಗಳಾದರೂ ಒಬ್ಬ ಹೋಮ್ ನರ್ಸ್‌ನ ವ್ಯವಸ್ಥೆ ಮಾಡಲು ಸಾಧ್ಯವೇ ನೋಡಿ. ರಜೆಯಲ್ಲಿ ಊರಿಗೆ ಬಂದಾಗ ತಂದೆಯ ರಾತ್ರಿಯ ಸರದಿ ನಿಮ್ಮದಾಗಿರಲಿ. ಉಸ್ಮಾನ್(ರ) ಮಾಡಿದ್ದನ್ನು ನೀವು ಮಾಡಲು ನಾಚಬೇಕಾಗಿಲ್ಲ.

ನೆರೆಯ ಕೇರಳದಲ್ಲಿ 1993ರಲ್ಲಿ ಕೋಝಿಕ್ಕೋಡ್‌ನಲ್ಲಿ ಆರಂಭವಾದ ಸಾಂತ್ವನ ಶುಶ್ರೂಷೆಯ ಕೆಲಸ ಕ್ರಮೇಣ ಊರೂರಿಗೆ ಹರಡಿತು. ತರಬೇತಿ ಪಡೆದ ಸ್ಥಳೀಯ ಸ್ವಯಂಸೇವಕರು ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತಾರೆ, ಮನೆಯವರಿಗೆ ಆರೈಕೆಯ ಕ್ರಮ ಕಲಿಸುತ್ತಾರೆ, ಅವರ ಕಷ್ಟ ಕೇಳುತ್ತಾರೆ. 2008ರಲ್ಲಿ ಅಲ್ಲಿನ ಸರಕಾರ ಇದಕ್ಕೊಂದು ನೀತಿಯನ್ನೇ ರೂಪಿಸಿತು. ನಮ್ಮ ಮಸೀದಿಯ ವ್ಯಾಪ್ತಿಯಲ್ಲಿ ಇಂಥ ಎಷ್ಟು ಮನೆಗಳಿವೆಯೆಂದು ಎಣಿಸಲು ಒಂದು ಜುಮುಅ ಸಾಕು. ಸರದಿಯಲ್ಲಿ ಕೂರಬಲ್ಲ ಹತ್ತು ಸ್ತ್ರೀಯರು, ಹತ್ತು ಪುರುಷರು ಯಾವ ಜಮಾಅತ್‌ನಲ್ಲಿ ಸಿಗುವುದಿಲ್ಲ?

ಇನ್ನು ನೀವೇ ಆ ಆರೈಕೆ ಮಾಡುತ್ತಿರುವವರಾಗಿದ್ದರೆ, ನಿಮಗೊಂದು ಮಾತು. ಸಹಾಯ ಬಂದಾಗ ಬಾಗಿಲು ಮುಚ್ಚಬೇಡಿ. ತಂದೆ ಕಳುಹಿಸಿದ ಆಳನ್ನು ಅಸ್ಮಾ(ರ) ಹಿಂದಕ್ಕೆ ಕಳುಹಿಸಲಿಲ್ಲ. ನೆರೆಯವರು ಸುಟ್ಟ ರೊಟ್ಟಿಯನ್ನು ಬೇಡವೆನ್ನಲಿಲ್ಲ. ಅದರಿಂದ ಅವರ ಸ್ಥಾನ ಕುಂದಲಿಲ್ಲ. ಒಂದು ಮಧ್ಯಾಹ್ನ ನೀವು ನಿದ್ರಿಸಿದರೆ ನಿಮ್ಮ ತಾಯಿಗೆ ದ್ರೋಹ ಮಾಡಿದಂತಾಗುವುದಿಲ್ಲ. ನಾಳೆ ಅವರ ಹಾಸಿಗೆ ಬದಲಿಸಲು ನಿಮಗೆ ಶಕ್ತಿ ಬೇಕಲ್ಲವೇ?

ನಮ್ಮ ಮನೆಗಳ ರೋಗಿಗಳಿಗೆ ಅಲ್ಲಾಹನು ಶಮನ ನೀಡಲಿ. ಅವರ ಬಳಿ ಎಚ್ಚರವಿರುವವರಿಗೆ ಶಕ್ತಿಯನ್ನೂ ಬಿಡುವನ್ನೂ ಮಹತ್ತಾದ ಪ್ರತಿಫಲವನ್ನೂ ಕರುಣಿಸಲಿ. ಅವರ ಹೊರೆಗೆ ಹೆಗಲು ಕೊಡುವ ಭಾಗ್ಯವನ್ನು ನಮಗೆಲ್ಲ ಅನುಗ್ರಹಿಸಲಿ. ಆಮೀನ್.